ದೊಡ್ಡಮ್ಮನ ಮರಿಗಳಿಗೆ ಡೆನ್ಮಾರ್ಕಿನ ಪುಡಿ

ವಿಮಾನ ಬೀಳಬಹುದಿತ್ತು. ಅದು ಬೀಳದಿದ್ದರೆ ನನ್ನ ಪೆಟ್ಟಿಗೆ ಇನ್ನಾವುದೋ ದೇಶದಲ್ಲಿ ಇಳಿದು, ಅಲ್ಲಿನವರು ನನ್ನ ಶೇಂಗಾ ಚಟ್ನಿಪುಡಿಯನ್ನು ಪರೀಕ್ಷೆಗೆ ಕಳಿಸಬಹುದಿತ್ತು. ಪಾಸ್‌ಪೋರ್ಟಿನ ಫೋಟೋದಲ್ಲಿ ತಲೆಗೂದಲಿದೆ, ಈಗ ಇಲ್ಲ. ಆ ಕಾರಣಕ್ಕೆ ಹಿಂದಕ್ಕಟ್ಟಬಹುದಿತ್ತು. ಚಳಿಗೆ ಎದೆ ಹಿಡಿದುಕೊಳ್ಳಬಹುದಿತ್ತು. ತನ್ನಷ್ಟಕ್ಕೆ ಮುಚ್ಚುವ ಬಾಗಿಲಿನಲ್ಲಿ ಕೈ ಸಿಕ್ಕಬಹುದಿತ್ತು. ನಾನಿಲ್ಲದಾಗ ಮನೆಯ ಗ್ಯಾಸ್ ಸೋರಬಹುದಿತ್ತು, ಓಬಳಾಪುರದ ಕಡೆಯ ಅದಿರು ಲಾರಿಯೊಂದು ನಮ್ಮ ಶೆಡ್ಡಿನೊಳಕ್ಕೇ ನುಗ್ಗಬಹುದಿತ್ತು, ಭೈರವಾನಿತಿಪ್ಪ ಕಟ್ಟೆ ಒಡೆಯಬಹುದಿತ್ತು. ಕಟ್ಟೆಯಲ್ಲಿ ಒಡೆಯುವಷ್ಟು ನೀರಿಲ್ಲ ಎಂದು ಹೆಂಡತಿ ನೆನಪಿಸಿದಳು. ಇಲ್ಲದಿದ್ದರೇನಾಯಿತು, ಹೊರಗೆ ಹೋಗಿರುವಾಗಲೇ ಬರುವುದು ಇಂಥದ್ದೆಲ್ಲ ಎಂದೆ.

ಇಷ್ಟರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಸಣ್ಣದು. ನನಗೆ ಅದು ತಿಳಿದದ್ದೇ ಕೊನೆಯಲ್ಲಿ. ನಿಮಗೂ ಕೊನೆಯಲ್ಲೇ ಹೇಳುತ್ತೇನೆ.

ರಾಯದುರ್ಗ: ಹೊರಡುವ ಮುನ್ನ

ನಾನು ಆಂಧ್ರದ ಗಡಿಯ ಈ ಊರಿನ ಆಫೀಸೊಂದರ ಗುಮಾಸ್ತ. ಹಂದಿ ಸಾಕುವವಳು ನನ್ನ ಹೆಂಡತಿ ಗಂಗಮ್ಮ. ಊರಾಚೆಯ ನಮ್ಮ ಹೊಲದಲ್ಲಿ ಅವಳ ಶೆಡ್ಡಿದೆ. ಮೊದಮೊದಲು ಜನ ಮೂಗು ಮುಚ್ಚಿಕೊಂಡು ನಕ್ಕರು, ಆಮೇಲೆ ಮೂಗು ಮುಚ್ಚಿಕೊಳ್ಳದೆ ನಕ್ಕರು. ಅವಳು ಎರಡಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಶೆಡ್ಡಿನ ಯಜಮಾನಿ ಅಂದರೆ ಬಿಳಿ ಬಣ್ಣದ ದೊಡ್ಡ ಹೆಣ್ಣು ಹಂದಿ. ಹೆಸರು ದೊಡ್ಡಮ್ಮ.

ದೊಡ್ಡಮ್ಮ ಹೆರುವುದರಲ್ಲಿ ಹಿಂದೆ ಬಿದ್ದವಳಲ್ಲ. ತೊಂದರೆ ಆಮೇಲಿನದು. ಹಾಲು ಕುಡಿಯುವ ತನಕ ಮರಿಗಳು ಚೆಂಡಿನಂತೆ ಪುಟಿಯುತ್ತಿದ್ದವು. ಹಾಲು ಬಿಡಿಸಿದ ನಾಲ್ಕೈದು ದಿನಕ್ಕೆ ಭೇದಿ ಶುರು, ವಾರದಲ್ಲಿ ಶೆಡ್ಡು ಖಾಲಿ. ತಾಯಿಯ ಹಾಲು ಕರುಳಿಗೆ ಕಾವಲಿದ್ದಂತೆ. ಆ ಕಾವಲು ಎದ್ದುಹೋದ ದಿನ ಕಂಡ ರೋಗವೆಲ್ಲ ಒಳಗೆ ನುಗ್ಗುತ್ತದೆ ಎಂದು ದನದ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು. ಎರಡು ಸೂಲು ಹೀಗೇ ಹೋದವು. ಬೇವಿನ ಮರದ ಕೆಳಗೆ ಗಂಗಮ್ಮನೇ ಕುಣಿ ತೋಡಿ ಮುಚ್ಚಿದಳು. ಮೂರನೆಯ ಸೂಲಿಗೆ ಹನ್ನೊಂದು ಮರಿ.

“ಈ ಸಲನೂ ಹೋದ್ವಂದ್ರ ದೊಡ್ಡಮ್ಮನ್ನ ಕೊಟ್ಟು ಶೆಡ್ ತೊಳ್ದುಬಿಡ್ತೀನಿ ನೋಡ್ರಿ,” ಎಂದಳು ಗಂಗಮ್ಮ. “ಇನ್ನ ನನ್ನ ಕೈಲೆ ಕುಣಿ ತೋಡಾಕ ಆಗಂಗಿಲ್ಲ.”

ಅದೇ ಹೊತ್ತಿಗೆ ಡಾಕ್ಟರಮ್ಮ ಸುದ್ದಿ ತಂದರು. ನಮ್ಮ ಕಡೆಯ ಆರು ಜನ ಹಂದಿ ಸಾಕುವವರನ್ನು ಡೆನ್ಮಾರ್ಕಿಗೆ ಕರೆದುಕೊಂಡು ಹೋಗುತ್ತಾರೆ, ಜೊತೆಗೆ ಡಾಕ್ಟರಮ್ಮನೂ ಬರುತ್ತಾರೆ. ಹಾಲು ಬಿಟ್ಟ ಮರಿಗಳ ಕರುಳು ಕಾಯಲು ಅಲ್ಲಿನವರು ಬಾಯಿಗೆ ಏನೇನು ಕೊಡುತ್ತಾರೆ ಎಂಬುದನ್ನು ತೋರಿಸುತ್ತಾರೆ. ಹೆಸರು ಬಂದದ್ದು ಗಂಗಮ್ಮನದು. ಅವಳಿಗೆ ಪಾಸ್‌ಪೋರ್ಟ್ ಇಲ್ಲ. ನನಗಿತ್ತು. ಎಂದಾದರೂ ತುರ್ತಾಗಿ ದೇಶ ಬಿಡಬೇಕಾಗಿ ಬಂದರೆ ಎಂಬ ಚಿಂತೆಯಲ್ಲಿ ವರ್ಷಗಳ ಹಿಂದೆಯೇ ಮಾಡಿಸಿಟ್ಟಿದ್ದೆ.

“ನೀವ ಹೋಗಿ ಬರ್ರಿ. ನಾ ಹೋದ್ರ ಇವುಕ್ಕ ನೀರು ಯಾರಿಡ್ತಾರ? ಹೆಂಗೂ ಆಫೀಸಿನ್ಯಾಗ ಕುಂತು ಚಿಂತಿ ಮಾಡ್ತೀರಿ. ಅಲ್ಲೇ ಹೋಗಿ ಮಾಡ್ರಿ.”

ಹೊರಡುವ ಮೂರು ದಿನ ಮುಂಚಿನಿಂದ ಯಾರೂ ಹಂದಿಯ ಹತ್ತಿರ ಸುಳಿಯಬಾರದು ಎಂದು ಡಾಕ್ಟರಮ್ಮ ಕಟ್ಟುನಿಟ್ಟು ಮಾಡಿದ್ದರು. ಒಂದು ದೇಶದ ರೋಗ ಇನ್ನೊಂದಕ್ಕೆ ಹೋಗುವುದು ಕೈ ಬಟ್ಟೆ ಚಪ್ಪಲಿಗಳ ಮೇಲೆಯೇ ಅಂತೆ. ನಾನು ನಾಲ್ಕು ದಿನ ಸುಳಿಯಲಿಲ್ಲ. ಆದರೆ ಸೋಮವಾರ ಸಂಜೆ ನಾಲ್ಕಕ್ಕೆ ಕಾರು ಬಂದು ನಿಂತಾಗ ಗಂಗಮ್ಮ ನನ್ನನ್ನು ನೆಟ್ಟಗೆ ಶೆಡ್ಡಿಗೇ ಕರೆದುಕೊಂಡು ಹೋದಳು. ನಮ್ಮ ಮನೆಯಲ್ಲಿ ಊರು ಬಿಡುವವರು ದೊಡ್ಡಮ್ಮನ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡೇ ಹೊರಡುವುದು. ಪರೀಕ್ಷೆಗೆ ಹೋಗುವಾಗ ಮಗಳು ಮುಟ್ಟಿದ್ದಾಳೆ, ಆಸ್ಪತ್ರೆಗೆ ಹೋಗುವಾಗ ನನ್ನ ಅವ್ವ ಮುಟ್ಟಿದ್ದಾಳೆ. ಕೈ ತಾನಾಗಿ ಹೋಯಿತು. ಕಣ್ಣಿಗೊತ್ತಿಕೊಂಡ ಮೇಲೆ ಡಾಕ್ಟರಮ್ಮನ ಮಾತು ನೆನಪಾಯಿತು. ಮೂರು ಸಲ ಸೋಪು ಹಾಕಿ ಕೈ ತೊಳೆದೆ.

ರೈಲಿಗೆ ಕಾಯುತ್ತ: ಕೂಸು ಹೊರಗೆ

ಕೋಪನ್‌ಹೇಗನ್ನಿನಲ್ಲಿ ಇಳಿದಾಗ ಮಂಗಳವಾರ ಮಧ್ಯಾಹ್ನ. ಆಗಲೇ ಸೂರ್ಯ ಹೊರಡುವ ಸಿದ್ಧತೆಯಲ್ಲಿದ್ದ. ಅದು ನವೆಂಬರ್. ನಾಲ್ಕು ಗಂಟೆಗೆಲ್ಲ ಕತ್ತಲು. ಜನ ಕಿಟಕಿಗಳಲ್ಲಿ ಮೇಣದಬತ್ತಿ ಹಚ್ಚಿಟ್ಟಿರುತ್ತಾರೆ, ಕರೆಂಟು ಚೆನ್ನಾಗಿಯೇ ಇದ್ದರೂ. ನಮ್ಮಲ್ಲಿ ಕರೆಂಟು ಹೋದರೂ ಬತ್ತಿ ಹುಡುಕಲು ಬೇಸರ.

ರೈಲಿಗೆ ಇನ್ನೂ ಹೊತ್ತಿತ್ತು. ನಮ್ಮವರೆಲ್ಲ ಕಾಫಿ ಅಂಗಡಿಯ ಒಳಗೆ ಹೋದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಗೋಡೆಯ ಪಕ್ಕ ಒಂದು ತಳ್ಳುಗಾಡಿ, ಅದರಲ್ಲಿ ಒಂದು ಕೂಸು. ಸುತ್ತ ಯಾರೂ ಇಲ್ಲ. ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಕೂಸಿನ ಮೂಗು ಕೆಂಪಗಾಗಿತ್ತು, ನಿದ್ದೆ ಮಾತ್ರ ಗಾಢ. ಯಾರೋ ಮರೆತು ಹೋಗಿದ್ದಾರೆ, ಇಲ್ಲವೇ ಬೇಕೆಂದೇ ಬಿಟ್ಟು ಹೋಗಿದ್ದಾರೆ. ಪೊಲೀಸರು ಬಂದರೆ ಹತ್ತಿರ ಸಿಗುವ ಹೊರದೇಶದವನು ನಾನೊಬ್ಬನೇ. ಆದರೂ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಮಫ್ಲರು ಬಿಗಿದುಕೊಂಡು ಕಾವಲು ನಿಂತೆ.

ಅರ್ಧ ಗಂಟೆಯ ಮೇಲೆ ತಾಯಿ ಹೊರಗೆ ಬಂದಳು. ಕೂಸಿಗಿಂತ ಮೊದಲು ನನ್ನನ್ನು ನೋಡಿದಳು. ಆ ನೋಟದಲ್ಲಿ ಪೊಲೀಸರು ಇದ್ದರು. ಡಾಕ್ಟರಮ್ಮ ಓಡಿ ಬಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಇಲ್ಲಿ ಕೂಸುಗಳನ್ನು ಹೊರಗಿನ ಗಾಳಿಯಲ್ಲೇ ಮಲಗಿಸುತ್ತಾರಂತೆ, ಆರೋಗ್ಯಕ್ಕೆ ಒಳ್ಳೆಯದಂತೆ. ಹೆಂಗಸು ನಕ್ಕು ನನ್ನ ಕೈ ಕುಲುಕಿ ಹೋದಳು. ಒಳಗೆ ನನಗೆಂದು ತರಿಸಿಟ್ಟಿದ್ದ ಕಾಫಿ ಆರಿ ತಣ್ಣಗಾಗಿತ್ತು.

“ನಾಳಿಕ್ ನೋಡ್ಕಣಣ್ಣ,” ಎಂದ ಜುಂಜಣ್ಣ. “ಹಂದಿನ ಹೀಟರ್ ಹಾಕಿ ಒಳಗ್ ಮಲಗ್ಸಿರ್ತಾರೆ.”

ಜುಂಜಣ್ಣ ಮಡಕಶಿರದಾಚೆಯ ಅಮರಾಪುರದವನು. ಆರು ಜನರಲ್ಲಿ ನನ್ನ ಜೊತೆಗಾರ. ಯಾವುದಕ್ಕೂ ಚಿಂತಿಸದ ಮನುಷ್ಯ. ಅವನ ಪಾಲಿನದನ್ನೂ ನಾನೇ ಚಿಂತಿಸಿಕೊಂಡು ತಿರುಗಬೇಕಾಯಿತು.

ಬುಧವಾರ: ಗಾಜಿನ ಈಚೆ

ಫಾರಂ ನಡೆಸುವವಳು ಬೊಡಿಲ್ ಎಂಬ ಹೆಂಗಸು. ನನ್ನದೇ ವಯಸ್ಸು, ನನಗಿಂತ ಒಂದು ಮೊಳ ಎತ್ತರ. ಗೇಟಿನಲ್ಲೇ ಒಂದೊಂದು ಹಾಳೆ ಕೊಟ್ಟಳು. ಒಂದೇ ಪ್ರಶ್ನೆ: ಕಳೆದ ನಲವತ್ತೆಂಟು ಗಂಟೆಯಲ್ಲಿ ಹಂದಿ ಮುಟ್ಟಿದ್ದೀರಾ?

ಗುಮಾಸ್ತನ ಕೈ, ಲೆಕ್ಕ ಹಾಕದೆ ಸಹಿ ಮಾಡುವುದಿಲ್ಲ. ಸೋಮವಾರ ಸಂಜೆ ನಾಲ್ಕಕ್ಕೆ ಮುಟ್ಟಿದ್ದು. ಇಲ್ಲೀಗ ಬುಧವಾರ ಬೆಳಿಗ್ಗೆ ಒಂಬತ್ತು, ನಮ್ಮೂರಿನಲ್ಲಿ ಮಧ್ಯಾಹ್ನ ಒಂದೂವರೆ. ನಲವತ್ತೈದೂವರೆ ಗಂಟೆ ಆಯಿತು. ಎರಡೂವರೆ ಕಡಿಮೆ.

ಪಕ್ಕದಲ್ಲಿ ಜುಂಜಣ್ಣ ಆಗಲೇ ಬರೆದು ಮುಗಿಸಿದ್ದ. ಅವನು ಹೊರಡುವ ಸಂಜೆಯೂ ಹಂದಿಯ ಬಾಲ ಹಿಡಿದು ಗೂಡಿಗೆ ಹಾಕಿ ಬಂದವನು. ಹಾಳೆಯಲ್ಲಿ ‘ಇಲ್ಲ’ ಎಂದಿತ್ತು.

“ಜುಂಜಣ್ಣ, ಇದು ಸುಳ್ಳಲ್ಲೇನಪ್ಪ?”

“ಸುಳ್ಳೇ ಕಣಣ್ಣ. ಒಳಗೋಗಿ ಸಾನ ಮಾಡಿಸ್ತಾರಂತೆ, ಅಲ್ಲಿ ತೊಳ್ಕಂಡೋಗ್ತೈತೆ ಬಿಡು.”

ನಾನು ನಿಜ ಬರೆದೆ. ಒಳ್ಳೆಯತನದಿಂದಲ್ಲ. ನನ್ನ ಕೈಯಿಂದ ರೋಗ ಹೋಗಿ ಈ ದೇಶದ ಹಂದಿಗಳೆಲ್ಲ ಸತ್ತು, ಪೇಪರಿನಲ್ಲಿ ನನ್ನ ಕೂದಲಿರುವ ಫೋಟೋ ಬಂದಂತೆ ಕಣ್ಣ ಮುಂದೆ ಕಂಡುಬಿಟ್ಟಿತು. ಬೊಡಿಲ್ ಹಾಳೆ ಓದಿ, ಥ್ಯಾಂಕ್ಸ್ ಹೇಳಿ, ನನ್ನನ್ನು ಹೊರಗೆ ನಿಲ್ಲಿಸಿದಳು. ಎರಡೂವರೆ ಗಂಟೆ ಕಳೆದ ಮೇಲೆ ಬರಲೇ ಎಂದು ಡಾಕ್ಟರಮ್ಮನಿಂದ ಕೇಳಿಸಿದೆ. ಹನ್ನೊಂದಕ್ಕೆಲ್ಲ ತೋರಿಸುವುದು ಮುಗಿಯುತ್ತದಂತೆ.

“ಎರಡೂವರೆ ಗಂಟೆ ನುಂಗ್ಕಂಡಿದ್ರೆ ಹೊಟ್ಟೆ ನೋಯ್ತಿತ್ತಾ ನಿಂಗೆ?” ಎಂದು ಹೇಳಿ ಜುಂಜಣ್ಣ ಒಳಗೆ ನಡೆದ.

ನನಗೆ ಸಿಕ್ಕಿದ್ದು ಗೋಡೆಗೆ ಕೂರಿಸಿದ ದೊಡ್ಡ ಗಾಜಿನ ಕಿಟಕಿ. ಶಾಲೆಯ ಮಕ್ಕಳು ಬಂದರೆ ಅಲ್ಲಿ ನಿಂತು ನೋಡುತ್ತಾರಂತೆ. ನನ್ನ ಎದೆಯ ಎತ್ತರಕ್ಕೆ ಮಕ್ಕಳ ಮೂಗಿನ ಗುರುತುಗಳಿದ್ದವು. ಒಳಗಿನದೆಲ್ಲ ಕಾಣುತ್ತಿತ್ತು, ಒಂದು ಸದ್ದೂ ಕೇಳುತ್ತಿರಲಿಲ್ಲ. ಸ್ನಾನ ಮಾಡಿ, ಅವರದೇ ನೀಲಿ ಬಟ್ಟೆ ತೊಟ್ಟು, ಜುಂಜಣ್ಣ ಮದುಮಗನಂತೆ ಬಂದ. ಅಂದೇ ಹಾಲು ಬಿಟ್ಟ ಮರಿಗಳು ಬೆಚ್ಚನೆಯ ನೆಲದ ಮೇಲೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಬೊಡಿಲ್ ಬಕೆಟ್ಟಿಗೆ ನೀರು ಬಿಟ್ಟಳು. ತೋಳು ಮಡಚಿ ಮೊಳಕೈಯನ್ನು ನೀರಿಗೆ ಅದ್ದಿ, ಏನೋ ಕೇಳಿಸಿಕೊಳ್ಳುವವಳಂತೆ ಕ್ಷಣ ಸುಮ್ಮನಿದ್ದಳು. ಅಷ್ಟು ತಣ್ಣೀರು ಬೆರೆಸಿದಳು, ಮತ್ತೆ ಅದ್ದಿದಳು. ಆಮೇಲೆ ಪುಡಿ ಹಾಕಿ ಕಲಸಿ ಎಲ್ಲರ ಕಡೆ ತಿರುಗಿ ಏನೋ ಹೇಳಿದಳು. ಡಾಕ್ಟರಮ್ಮ ಅದನ್ನು ತೆಲುಗಿಗೆ ತಿರುಗಿಸಿದ್ದು ಅವರ ತುಟಿಯಿಂದ ಗೊತ್ತಾಯಿತು. ಮಾತು ಗಾಜು ದಾಟಲಿಲ್ಲ. ಜುಂಜಣ್ಣ ಒಂದು ಮರಿ ಎತ್ತಿಕೊಂಡು ನನಗೆ ಕೈ ಬೀಸಿದ.

ನಾನು ನೋಟುಬುಕ್ಕು ತೆಗೆದು ಬರೆದುಕೊಂಡೆ. ಆ ಪ್ರವಾಸದಲ್ಲಿ ನಲವತ್ತು ಪುಟ ಬರೆದಿದ್ದೇನೆ.

ಬೊಡಿಲ್‌ಳ ಅಡುಗೆಮನೆ

ಹನ್ನೊಂದೂವರೆಗೆ, ಅಂದರೆ ನಾನು ನಿಯಮದ ಪ್ರಕಾರ ಶುದ್ಧನಾದ ಹೊತ್ತಿಗೆ, ಎಲ್ಲರೂ ಅವಳ ಅಡುಗೆಮನೆಯಲ್ಲಿದ್ದೆವು. ಕಪ್ಪು ರೊಟ್ಟಿ, ಬೆಣ್ಣೆ, ಕಾಫಿ. ಕಪ್ಪು ಮಿಠಾಯಿಯೊಂದನ್ನು ಕೊಟ್ಟಳು. ಉಪ್ಪು, ಕಹಿ, ಕಷಾಯದ ವಾಸನೆ. ಮಕ್ಕಳು ಇದಕ್ಕಾಗಿ ಜಗಳ ಆಡುತ್ತಾರಂತೆ. ಉಗುಳುವುದು ಹೇಗೆ ಎಂದು ಗೊತ್ತಾಗದೆ ನುಂಗಿದೆ.

ನನಗೆ ಒಂದೇ ಚಿಂತೆ. “ಈ ಪುಡಿ ಕೊಟ್ಟರೆ ಮರಿ ಉಳಿಯುತ್ತವೇ?” ಡಾಕ್ಟರಮ್ಮ ಕೇಳಿ ಹೇಳಿದರು.

ಬೊಡಿಲ್ ಹಳೆಯದರಿಂದ ಶುರು ಮಾಡಿದಳು. ಮುಂಚೆ ಅವರ ಹತ್ತಿರ ಸತುವಿನ ಮದ್ದೊಂದಿತ್ತಂತೆ. ಮೇವಿಗೆ ಬೆರೆಸಿದರೆ ಭೇದಿ ನಿಲ್ಲುತ್ತಿತ್ತು. ಮಣ್ಣು ನೀರು ಕೆಡುತ್ತವೆ ಎಂದು ಸರಕಾರ ಅದನ್ನು ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ ಎಂದಳು. ಅಲ್ಲಿಂದ ಯೀಸ್ಟು, ಹುಳಿ, ಒಳ್ಳೆಯ ಜಾತಿಯ ಜೀವಾಣು, ಒಂದಾದ ಮೇಲೊಂದು ಪ್ರಯತ್ನ ಮಾಡುತ್ತಲೇ ಇದ್ದಾಳೆ. ಕೆಲವು ಸಲ ಉಳಿಯುತ್ತವೆ. ಕೆಲವು ಸಲ ಬೆಳಿಗ್ಗೆ ಬಾಗಿಲು ತೆರೆಯಲು ಭಯವಾಗುತ್ತದೆ.

“ಆಯಮ್ಮ ಏನಂತಾರಂದ್ರೆ ಸಾರ್,” ಎಂದರು ಡಾಕ್ಟರಮ್ಮ, “ಇದು ಔಷಧ ಅಲ್ಲ, ಕಾವಲುಗಾರ. ಕಾವಲುಗಾರ ಒಂದೊಂದ್ಸಲ ನಿದ್ದೆ ಹೋಗ್ತಾನೆ.”

ಬಾಗಿಲು ತೆರೆಯಲು ಭಯ. ಗಂಗಮ್ಮ ಇದೇ ಮಾತನ್ನು ರಾಯದುರ್ಗದಲ್ಲಿ ಹೇಳಿದ್ದಳು. ಇಷ್ಟು ದೂರ ಹಾರಿ ಬಂದು, ಬೆಚ್ಚನೆಯ ನೆಲ, ಕಂಪ್ಯೂಟರು, ಗಾಜಿನ ಕಿಟಕಿ ಎಲ್ಲ ದಾಟಿ ನೋಡಿದರೆ ಒಳಗೆ ಇರುವುದು ಅದೇ ಬಾಗಿಲು. ಅಲ್ಲಿಯವರೆಗೆ ನನ್ನ ತಲೆಯಲ್ಲಿ, ನಮಗೆ ಗೊತ್ತಿಲ್ಲದ್ದು ಎಲ್ಲೋ ಒಂದು ಕಡೆ ಯಾರಿಗೋ ಗೊತ್ತಿದೆ ಎಂಬ ನಂಬಿಕೆ ಇತ್ತು. ಆ ಕಾಫಿ ಲೋಟದ ಮುಂದೆ ಅದು ಹೋಯಿತು. ಹೋದದ್ದು ತಿರುಗಿ ಬಂದಿಲ್ಲ.

ಹೊರಡುವಾಗ ಬೊಡಿಲ್ ಒಬ್ಬೊಬ್ಬರಿಗೂ ಒಂದು ಪೊಟ್ಟಣ ಪುಡಿ ಕೊಟ್ಟಳು. ಮರಿಗೆ ಒಂದು ಚಮಚ, ಬೆಳಿಗ್ಗೆ ಸಂಜೆ, ಹಾಲು ಬಿಡಿಸಿದ ದಿನದಿಂದ ಎರಡು ವಾರ. ನನ್ನ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ಇದು ಜೀವ ಇರುವ ಪುಡಿ, ಬಿಸಿಲಿಗೆ ಇಡಬೇಡಿ ಎಂದಳು. ತಗೊಳ್ಳಿ ಅಂದಳೋ ಕಾಪಾಡಿ ಅಂದಳೋ, ಎರಡೂ ಅವಳ ಮುಖದಲ್ಲಿತ್ತು.

ಮಡಕಶಿರದ ದಾರಿ

ಇನ್ನುಳಿದ ದಿನಗಳಲ್ಲಿ ನಾನು ನೋಡಿದ್ದು ಹೆಚ್ಚಾಗಿ ಪುಡಿಯನ್ನು. ಅದನ್ನು ಸ್ವೆಟರಿನಲ್ಲಿ ಸುತ್ತಿದೆ. ಸ್ವೆಟರು ಬೆಚ್ಚಗೆ ಮಾಡುತ್ತದೆ ಎಂದು ಹೊಳೆದು ಬಿಚ್ಚಿದೆ. ಹೋಟೆಲಿನ ಕಿಟಕಿಯ ಹೊರಗಿಟ್ಟೆ, ಹಕ್ಕಿ ಒಯ್ದರೆ ಎಂದು ಒಳಗಿಟ್ಟೆ. ವಿಮಾನ ನಿಲ್ದಾಣಗಳಲ್ಲಿ ಡಾಕ್ಟರಮ್ಮ ಮಾಡಿಸಿದ ಕಾಗದ ಒಂದು ಕೈಯಲ್ಲಿ, ಪೊಟ್ಟಣ ಇನ್ನೊಂದರಲ್ಲಿ.

ಬೆಂಗಳೂರಿನಿಂದ ಕಾರಿನಲ್ಲಿ ಏಸಿಯ ತೂತಿಗೆ ಪೊಟ್ಟಣ ಹಿಡಿದು ಕುಳಿತೆ. ಜುಂಜಣ್ಣನ ಪೊಟ್ಟಣ ಅವನ ಚೀಲದಲ್ಲಿ, ಶೂಗಳ ಜೊತೆ. ಮಡಕಶಿರದಲ್ಲಿ ಚಹಾಕ್ಕೆ ನಿಲ್ಲಿಸಿದರು. ಬಿಸಿಲು. ನಾನು ಇಳಿಯದೆ, ಸೋಡಾ ಅಂಗಡಿಯಿಂದ ಐಸು ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದರ ನಡುವೆ ಪುಡಿ ಇಟ್ಟು ಮಡಿಲಲ್ಲಿ ಹಿಡಿದುಕೊಂಡೆ.

“ಏನಣ್ಣ, ಬಾಣಂತಿ ಕೂಸ್ ಹಿಡ್ಕಂಡಂಗ್ ಹಿಡ್ಕಂಡಿದೀಯ!” ಎಂದ ಜುಂಜಣ್ಣ. ಅಮರಾಪುರದಲ್ಲಿ ಇಳಿಯುವಾಗ ಅವನ ಚೀಲವನ್ನು ಟಾಪಿನಿಂದ ಡ್ರೈವರ್ ಕೆಳಕ್ಕೆ ಎಸೆದ. ಪುಡಿಯ ಗತಿ ನೆನೆದು ನನಗೇ ನೋವಾಯಿತು.

ಬೇಲಿಯ ಈಚೆ

ಬೊಡಿಲ್‌ಳಿಂದ ನಾನು ಕಲಿತ ಪಾಠ ಒಂದು: ಹೊರಗಿನಿಂದ ಬಂದವನು ಹಂದಿ ಮುಟ್ಟಬಾರದು. ಅವರು ಎರಡು ದಿನ ಎಂದರೆ ನಾನು ಹತ್ತು ದಿನ ಎಂದೆ. ಆರಾಮಾಗಿ ಪುಟಿಯುತ್ತಿದ್ದ ಹನ್ನೊಂದು ಮರಿಗಳನ್ನು ಮುಳ್ಳುಬೇಲಿಯ ಹೊರಗಿನಿಂದ ನೋಡಿದೆ.

“ಒಳಗ ಬರ್ರಿ, ಯಾಕ ಹೊರಗ ನಿಂತೀರಿ?”

“ನನ್ನ ಮೈಮ್ಯಾಗ ಏನೇನು ಬಂದೈತೋ ಗಂಗೀ. ಇಲ್ಲಿಂದಲೇ ಹೇಳ್ತೀನಿ, ಕೇಳು. ಮರಿಗೊಂದು ಚಮಚ, ಮುಂಜಾನಿ ಸಂಜಿ. ಇದು ಜೀವ ಇರೋ ಪುಡಿ, ಫ್ರಿಜ್ಜಿನ್ಯಾಗ ಇಡಬೇಕು.”

ಫ್ರಿಜ್ಜಿನಿಂದ ಹಾಲು ಮೊಸರು ಹೊರಬಿದ್ದವು. ಪುಡಿ ನಡುವಿನ ತಟ್ಟೆಯಲ್ಲಿ ಕುಳಿತಿತು. ಮರುದಿನ ಗಂಗಮ್ಮ ಹಾಲು ಬಿಡಿಸಿದಳು. ದಿನಕ್ಕೆ ಎರಡು ಸಲ ನಾನು ಬೇಲಿಯ ತನಕ ಪೊಟ್ಟಣ ತಂದು ಕೊಟ್ಟು, ತಿರುಗಿ ಇಸಿದುಕೊಂಡು ಓಡುತ್ತಿದ್ದೆ, ಬಿಸಿಲು ತಾಗದಂತೆ. ಅವಳು ಶೆಡ್ಡಿನ ಹಿಂದೆ, ಒಲೆಯ ಹತ್ತಿರ ಕಲಸಿ ಮರಿಗಳಿಗೆ ಇಡುತ್ತಿದ್ದಳು. ಬೇಲಿಯಿಂದ ಅದು ಕಾಣುವುದಿಲ್ಲ.

ನಾಲ್ಕನೆಯ ದಿನ ಒಂದಕ್ಕೆ ಭೇದಿ. ಆರನೆಯ ದಿನ ಬೇವಿನ ಮರದ ಕೆಳಗೆ ಹೊಸ ಮಣ್ಣು. ಗುಡ್ಡೆಗಳನ್ನು ನಾನೇ ಎಣಿಸಿದೆ. ಎಂಟನೆಯ ದಿನಕ್ಕೆ ಒಂಬತ್ತು. ಕಾವಲುಗಾರ ನಿದ್ದೆ ಹೋಗಿದ್ದಾನೆ ಎಂದುಕೊಂಡು, ಜೊತೆಗೊಂದು ದುಃಖವಾದರೂ ಸಿಗಲಿ ಎಂದು ಜುಂಜಣ್ಣನಿಗೆ ಫೋನು ಮಾಡಿದೆ.

“ನಮ್ವು ಚೆನ್ನಾಗವೆ ಕಣಣ್ಣ. ಒಂದ್ ಹೋಯ್ತು ಅಷ್ಟೇಯ. ನಿಮ್ವು?”

ಹೇಳಿದೆ.

“ನೀರು ಬಿಸಿಗಿಸಿ ಏನಾರ ಮಾಡಿದ್ರಾ?” ಎಂದ. “ಆಯಮ್ಮ ಹೇಳಿದ್ಲಲ್ಲ, ಉಗುರುಬೆಚ್ಚಗಿರ್ಬೇಕು, ಬಿಸಿಗ್ ಹಾಕಿದ್ರೆ ಅದ್ರಾಗಿನ್ ಜೀವ ಸತ್ತೋಗ್ತೈತೆ ಅಂತ. ನಾನ್ ಉಗುರುಬೆಚ್ಚಗೂ ಮಾಡ್ಲಿಲ್ಲ, ಸೋಮಾರಿ. ಬೋರಿನ ನೀರ್ಗೇ ಕಲಸ್ದೆ.”

ಹತ್ತು ದಿನ ಆಗಿರಲಿಲ್ಲ. ಬೇಲಿ ದಾಟಿದೆ. ಶೆಡ್ಡಿನ ಹಿಂದೆ ಮೂರು ಕಲ್ಲಿನ ಒಲೆ, ಮೇಲೆ ರಾಗಿ ಗಂಜಿ ಕೊತಕೊತ ಕುದಿಯುತ್ತಿತ್ತು. ಗಂಗಮ್ಮ ಎರಡು ಚಮಚ ಪುಡಿಯನ್ನು ಅದಕ್ಕೇ ಹಾಕಿ ತಿರುವುತ್ತಿದ್ದಳು. ಪಕ್ಕದಲ್ಲಿ ಆರಿಸಲು ಅಗಲವಾದ ತಟ್ಟೆ. ಮರಿಗಳ ಬಾಯಿ ಸುಡಬಾರದಲ್ಲ.

“ಗಂಗೀ, ದಿನಾ ಹಿಂಗ ಮಾಡ್ತಿದ್ದೇನು?”

“ಮತ್ತ? ಫ್ರಿಜ್ಜಿನ್ಯಾಗಿಂದ ತಣ್ಣಗ ಕೊರೀತಿರತೈತಿ. ಬ್ಯಾನಿ ಹೊಟ್ಟಿಗೆ ತಣ್ಣಂದು ಹೆಂಗ ಕೊಡ್ಲಿ? ಚೆಂದಗ ಕುದಿಸಿ ಆರಿಸಿ ಇಡ್ತೀನಿ.”

ಹೇಳಬೇಕಾಯಿತು. ಹೇಳಿದೆ. ಅವಳು ಒಲೆಯಿಂದ ಕಟ್ಟಿಗೆ ಎಳೆದಳು. ನನ್ನ ಮೇಲೆ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು.

“ಅಲ್ಲಿ ಅವ್ರು ಹೆಂಗ ಮಾಡ್ತಾರಂತ ನೀವು ನೋಡ್ಲಿಲ್ಲೇನ್ರಿ?”

ನೋಡಿದ್ದೆ. ನೋಟುಬುಕ್ಕು ತಂದು ಪುಟ ತೆಗೆದೆ. ಬುಧವಾರದ ಕೆಳಗೆ, ಕಪ್ಪು ಮಿಠಾಯಿಗಿಂತ ಸ್ವಲ್ಪ ಮೇಲೆ, ನನ್ನ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: ‘ಇಲ್ಲಿಯವರೂ ನೀರಿಗೆ ಮೊಳಕೈ ಅದ್ದಿ ನೋಡುತ್ತಾರೆ. ಕೂಸಿಗೆ ಎರೆಯುವಾಗ ಅವ್ವ ಮಾಡುತ್ತಿದ್ದಂತೆಯೇ. ಜನ ಎಲ್ಲ ಕಡೆ ಒಂದೇ.’

ಗಂಗಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿದಳು.

“ಮೊಳಕೈ ಅದ್ದಿದ್ಳು ಅಂತ ಇಷ್ಟ ಹೇಳಿದ್ರ ಸಾಕಿತ್ತಲ್ರಿ,” ಎಂದಳು. “ನನಗ ತಿಳೀತಿತ್ತು.”

ತಿಳಿಯುತ್ತಿತ್ತು. ಅವಳು ಹೋಗಿದ್ದರೆ ಗಾಜಿನ ಈಚೆ ನಿಂತಿದ್ದರೂ ತಿಳಿಯುತ್ತಿತ್ತು. ಉಳಿದ ಎರಡಕ್ಕೆ ಅಂದಿನಿಂದ ಮೊಳಕೈ ಅದ್ದಿಯೇ ಕಲಸಿದಳು. ಒಂದು ಮರುದಿನ ಹೋಯಿತು, ಇನ್ನೊಂದು ಅದರ ಮರುದಿನ. ಪುಡಿ ಮೊದಲಿನಿಂದ ಸರಿಯಾಗಿ ಬಿದ್ದಿದ್ದರೂ ಹೋಗುತ್ತಿದ್ದವೋ ಏನೋ, ಜುಂಜಣ್ಣನವು ಪುಡಿಯಿಲ್ಲದೆಯೂ ಉಳಿಯುತ್ತಿದ್ದವೋ ಏನೋ. ಬೊಡಿಲ್‌ಳಿಗೂ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗಬೇಕು?

ಗಂಗಮ್ಮ ಆಡಿದ ಮಾತಿಗೆ ತಪ್ಪುವವಳಲ್ಲ. ಬಳ್ಳಾರಿಯಿಂದ ವ್ಯಾನು ಬಂತು. ಹಲಗೆ ಏರುವ ಮುನ್ನ ದೊಡ್ಡಮ್ಮ ನಿಂತಳು. ಊರು ಬಿಡುವವರು ಅವಳ ಹಣೆ ಮುಟ್ಟಬೇಕು. ಈ ಸಲ ಊರು ಬಿಡುವವಳು ಅವಳೇ. ಏನು ಮಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಕೊನೆಗೆ ಇಬ್ಬರೂ ಮುಟ್ಟಿ ಕಣ್ಣಿಗೊತ್ತಿಕೊಂಡೆವು. ಶೆಡ್ಡನ್ನು ಅಂದೇ ಸಂಜೆ ತೊಳೆದಳು.

ಪೊಟ್ಟಣದಲ್ಲಿ ಇನ್ನೂ ಅರ್ಧ ಪುಡಿ ಇದೆ. ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ, ತಣ್ಣಗೆ, ಜೀವಂತವಾಗಿ. ಕರೆಂಟು ಹೋದಾಗ ನಾನಿನ್ನೂ ಎದ್ದು ಹೋಗಿ ಬಾಗಿಲು ಒತ್ತಿ ಬರುತ್ತೇನೆ. ವಿಮಾನ ಬೀಳಲಿಲ್ಲ, ಪೆಟ್ಟಿಗೆ ಕಳೆಯಲಿಲ್ಲ, ಎದೆ ಹಿಡಿಯಲಿಲ್ಲ, ಕಟ್ಟೆ ಒಡೆಯಲಿಲ್ಲ.

ಗಂಜಿ ಬಿಸಿಯಿತ್ತು.